ಮರಳಿ ಬಾರದ ಬಾಂಬರ್ ಯೋಧನನ್ನು ನೆನೆಯುವ ಬಗೆ: ಬೆಂಗಳೂರಿನ ಕುಟುಂಬಗಳಿಗೊಂದು ಮಾರ್ಗದರ್ಶಿ

ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಸಿಬ್ಬಂದಿಯಾಗಿ ಹೋಗಿ ಪ್ರಾಣ ಬಿಟ್ಟ ಹಿರಿಯರೊಬ್ಬರು ನಿಮ್ಮ ಮನೆತನದಲ್ಲಿದ್ದು, ಅವರ ಬಗ್ಗೆ ಒಂದು ಫೋಟೊ, ಒಂದೆರಡು ಪದಕ ಮತ್ತು ಹಬ್ಬದ ಊಟದ ನಡುವೆ ಬಂದುಹೋಗುವ ಅರ್ಧ ಮಾತುಗಳಷ್ಟೇ ಉಳಿದಿದ್ದರೆ, ಈ ಬರಹ ನಿಮಗಾಗಿ. ಅವರ ಹೆಸರನ್ನು ಎಲ್ಲಿ ಹುಡುಕಬೇಕು, ಅವರು ಹೊರಟ ಕೊನೆಯ ಹಾರಾಟದ ವಿವರವನ್ನು ಹೇಗೆ ಪಡೆಯಬೇಕು, ಕೊನೆಗೆ ಅವರ ನೆನಪನ್ನು ಯಾವ ರೂಪದಲ್ಲಿ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳಿದೆ.

ಮಾದರಿಗಾಗಿ ದೂರ ಹೋಗಬೇಕಾಗಿಲ್ಲ. ಹೆಬ್ಬಾಳದಲ್ಲಿ ಸಿಕ್ಕಿರುವ, ಸುಮಾರು ಕ್ರಿ.ಶ. 750ರ ಕಿತ್ತಯನ ವೀರಗಲ್ಲು ಯಾರ ಆಳ್ವಿಕೆ, ಯಾವ ನಾಡು, ಯಾರೊಡನೆ ಕಾಳಗ, ಸತ್ತವನು ಯಾರು ಎಂಬುದನ್ನು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತದೆ. ಬೇಗೂರಿನ ದೇವಾಲಯದ ಆವರಣದಲ್ಲಿರುವ, ಬೆಂಗಳೂರಿನ ಕಾಳಗವನ್ನು ಹೆಸರಿಸುವ ಒಂಬತ್ತನೆಯ ಶತಮಾನದ ಕೊನೆಯ ಶಾಸನವೂ ಅಷ್ಟೇ ಮಿತಭಾಷಿ. ಆ ಕಲ್ಲುಗಳು ಇಂದಿಗೂ ಓದಿಸಿಕೊಳ್ಳುತ್ತಿರುವುದು ಅವುಗಳಲ್ಲಿರುವ ಹೆಸರು, ಜಾಗ, ಸಂದರ್ಭಗಳಿಂದಾಗಿ. ಹಾಗಾಗಿ ಹೊಗಳಿಕೆಯ ಮಾತುಗಳನ್ನು ಹೊಂದಿಸುವ ಮೊದಲು ಈ ಮೂರನ್ನು ಖಚಿತಪಡಿಸಿಕೊಳ್ಳಿ ಎಂಬುದೇ ಈ ಮಾರ್ಗದರ್ಶಿಯ ಒಟ್ಟು ನಿಲುವು.

ಮೊದಲ ಹೆಜ್ಜೆ: ಮನೆಯಲ್ಲಿರುವುದನ್ನು ಓದುವುದು

ಅಂತರ್ಜಾಲಕ್ಕೆ ಕೈ ಹಾಕುವ ಮೊದಲು ಫೋಟೊವನ್ನು ಹಗಲು ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡಿ. ಸಮವಸ್ತ್ರದ ಎಡ ಎದೆಯ ಮೇಲೆ, ಜೇಬಿಗಿಂತ ತುಸು ಮೇಲೆ, ಎರಡೂ ಕಡೆ ರೆಕ್ಕೆ ಚಾಚಿದ ಚಿಹ್ನೆಯಿದ್ದರೆ ಅವರು ಪೈಲಟ್. ಒಂದೇ ರೆಕ್ಕೆಯಿದ್ದು ಅದರ ಬುಡದಲ್ಲಿ ಇಂಗ್ಲಿಷ್ ಅಕ್ಷರವಿದ್ದರೆ ಆ ಅಕ್ಷರವೇ ಅವರ ಕೆಲಸವನ್ನು ಹೇಳುತ್ತದೆ: ಎನ್ ಎಂದರೆ ದಾರಿ ಲೆಕ್ಕಹಾಕುವ ನ್ಯಾವಿಗೇಟರ್, ಬಿ ಎಂದರೆ ಗುರಿ ನೋಡಿ ಬಾಂಬ್ ಬೀಳಿಸುವ ಬಾಂಬ್ ಏಮರ್, ಇ ಎಂದರೆ ಫ್ಲೈಟ್ ಎಂಜಿನಿಯರ್, ಎಜಿ ಎಂದರೆ ಏರ್ ಗನ್ನರ್. ಅಕ್ಷರ ಓ ಆಗಿದ್ದರೆ ಅವರು ಯುದ್ಧದ ಮೊದಲ ವರ್ಷಗಳಲ್ಲಿ ಅಬ್ಸರ್ವರ್ ಆಗಿ ತರಬೇತಿ ಪಡೆದವರು, ಏಕೆಂದರೆ 1942ರಲ್ಲಿ ಆ ಹುದ್ದೆಯನ್ನು ನ್ಯಾವಿಗೇಟರ್ ಮತ್ತು ಬಾಂಬ್ ಏಮರ್ ಎಂದು ಬೇರ್ಪಡಿಸಲಾಯಿತು. ಟೋಪಿಯ ಮುಂಭಾಗದಲ್ಲಿ ಬಿಳಿಯ ಪಟ್ಟಿಯೊಂದು ಕಂಡರೆ ಫೋಟೊ ತೆಗೆಸಿದಾಗ ಅವರು ಇನ್ನೂ ತರಬೇತಿಯಲ್ಲಿದ್ದರು. ತೋಳಿನ ಮೇಲೆ ಮೂರು ಪಟ್ಟಿಗಳಿದ್ದರೆ ಸಾರ್ಜೆಂಟ್. ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನಲ್ಲಿ 1940ರ ನಂತರ ಹಾರಾಟದ ಸಿಬ್ಬಂದಿಗೆ ಅದಕ್ಕಿಂತ ಕೆಳಗಿನ ದರ್ಜೆ ಇರಲಿಲ್ಲ. ಫೋಟೊವನ್ನು ಚೌಕಟ್ಟಿನಿಂದ ಬಿಡಿಸಿ ಹಿಂಬದಿಯನ್ನೂ ನೋಡಿ. ಸ್ಟುಡಿಯೊದ ಮೊಹರು ಊರನ್ನು ಹೇಳುತ್ತದೆ, ಪೆನ್ಸಿಲ್ಲಿನ ಬರಹವಿದ್ದರೆ ಒಮ್ಮೊಮ್ಮೆ ತಾರೀಖೂ ಸಿಗುತ್ತದೆ.

ಪದಕಗಳ ಅಂಚನ್ನು ತಿರುಗಿಸಿ ನೋಡಿ. ಬ್ರಿಟಿಷರಿಗೆ ಕೊಟ್ಟ ಎರಡನೆಯ ಮಹಾಯುದ್ಧದ ಸಾಮಾನ್ಯ ಪದಕಗಳ ಮೇಲೆ ಹೆಸರು ಕೆತ್ತುತ್ತಿರಲಿಲ್ಲ, ಭಾರತೀಯ ಸೇವೆಯವರ ಪದಕಗಳ ಮೇಲೆ ಹಲವು ಬಾರಿ ಸೇವಾಸಂಖ್ಯೆ ಮತ್ತು ಹೆಸರು ಸಿಗುತ್ತವೆ. ಪದಕದ ಬಗೆಯೂ ಸುಳಿವೇ ಸರಿ: ಏರ್‌ಕ್ರೂ ಯುರೋಪ್ ಸ್ಟಾರ್ ಇದ್ದರೆ ಅವರು 1944ರ ಜೂನ್ 5ರೊಳಗೆ ಯುರೋಪಿನ ಮೇಲೆ ಹಾರಿದ್ದರು, ಬರ್ಮಾ ಸ್ಟಾರ್ ಇದ್ದರೆ ಹುಡುಕಾಟ ಪೂರ್ವದಿಕ್ಕಿಗೆ ಹೊರಳಬೇಕು. ತಂತಿಯೋ ಪತ್ರವೋ ಉಳಿದಿದ್ದರೆ ಅದರ ಮಾತನ್ನು ಅಕ್ಷರಶಃ ನಕಲು ಮಾಡಿಕೊಳ್ಳಿ. ಕಾಣೆಯಾಗಿದ್ದಾರೆ ಎಂಬ ತಂತಿಗೂ, ಸುಮಾರು ಆರು ತಿಂಗಳ ನಂತರ ಬರುತ್ತಿದ್ದ, ಸರ್ಕಾರಿ ವ್ಯವಹಾರಕ್ಕಾಗಿ ಮೃತರೆಂದು ಭಾವಿಸಲಾಗಿದೆ ಎಂಬ ಪತ್ರಕ್ಕೂ ತಾರೀಖಿನಲ್ಲಿ ಅಂತರವಿರುತ್ತದೆ. ಎರಡನೆಯದು ಬಂದ ದಿನವನ್ನೇ ಸಾವಿನ ದಿನವೆಂದು ನಂಬಿಕೊಂಡ ಮನೆಗಳಿವೆ.

ಹಿರಿಯರನ್ನು ಮಾತನಾಡಿಸುವಾಗ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳುವುದು ಒಳ್ಳೆಯದು. ನಾಲ್ವರನ್ನು ಒಟ್ಟಿಗೆ ಕೂರಿಸಿದರೆ ಗಟ್ಟಿ ದನಿಯವರ ಕಥೆಯೇ ಎಲ್ಲರ ಕಥೆಯಾಗಿಬಿಡುತ್ತದೆ. ನಿಮಗೆ ಗೊತ್ತಾಗಿರುವುದನ್ನು ಮೊದಲೇ ಹೇಳಬೇಡಿ. ಮೊಬೈಲಿನಲ್ಲಿ ಧ್ವನಿ ದಾಖಲಿಸಿಕೊಂಡು, ಯಾರು ಯಾವ ದಿನ ಹೇಳಿದ್ದೆಂದು ಕಡತದ ಹೆಸರಿನಲ್ಲೇ ಬರೆದಿಡಿ.

ಎರಡನೆಯ ಹೆಜ್ಜೆ: ಯಾವ ಪಡೆ ಎಂಬುದನ್ನು ತೀರ್ಮಾನಿಸುವುದು

ಮನೆಮಾತಿನಲ್ಲಿ ಎಲ್ಲವೂ ಏರ್ ಫೋರ್ಸೇ ಆಗಿರುತ್ತದೆ. ದಾಖಲೆಗಳ ಮಟ್ಟಿಗೆ ಮಾತ್ರ ರಾಯಲ್ ಏರ್ ಫೋರ್ಸ್, ಅದರ ವಾಲಂಟಿಯರ್ ರಿಸರ್ವ್ ಮತ್ತು 1932ರ ಅಕ್ಟೋಬರ್ 8ರಂದು ಸ್ಥಾಪನೆಯಾಗಿ 1945ರ ಮಾರ್ಚಿನಲ್ಲಿ ರಾಯಲ್ ಎಂಬ ಬಿರುದು ಪಡೆದ ಇಂಡಿಯನ್ ಏರ್ ಫೋರ್ಸ್ ಬೇರೆಬೇರೆ ಮನೆಗಳು, ಅವುಗಳ ಕಾಗದಪತ್ರಗಳೂ ಬೇರೆಬೇರೆ ಕಡೆ ಇವೆ. ಬರ್ಮಾ ರಂಗದಲ್ಲಿ ನಮ್ಮ 7 ಮತ್ತು 8ನೆಯ ಸ್ಕ್ವಾಡ್ರನ್ನುಗಳು (ವಾಯುಪಡೆಯ ವಿಮಾನ ತುಕಡಿಗಳು) ವೆಂಜೆನ್ಸ್ ಎಂಬ, ಗುರಿಯತ್ತ ಕಡಿದಾಗಿ ಎರಗಿ ಬಾಂಬ್ ಹಾಕುವ ಡೈವ್ ಬಾಂಬರನ್ನು ಹಾರಿಸಿದವು. ಅದರಲ್ಲಿ ಇಬ್ಬರೇ ಇರುತ್ತಿದ್ದರು, ಮುಂದೆ ಪೈಲಟ್, ಹಿಂದೆ ನ್ಯಾವಿಗೇಟರ್ ಅಥವಾ ಗನ್ನರ್. ಬಂಗಾಳದ ಸಾಲ್ಬನಿ, ದಿಗ್ರಿಯಂಥ ನೆಲೆಗಳಿಂದ ಬರ್ಮಾದ ಮೇಲೆ ಹಾರಿದ ನಾಲ್ಕು ಎಂಜಿನ್ನುಗಳ ಲಿಬರೇಟರ್‌ಗಳು ರಾಯಲ್ ಏರ್ ಫೋರ್ಸಿಗೆ ಸೇರಿದ್ದವು. ಇಂಗ್ಲೆಂಡಿನಿಂದ ಜರ್ಮನಿಯ ಮೇಲೆ ಹೋದ ಲ್ಯಾಂಕಾಸ್ಟರ್ ಮತ್ತು ಹ್ಯಾಲಿಫ್ಯಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಏಳು ಜನ.

ಬೆಂಗಳೂರಿನವರಿಗೆ ಇಲ್ಲೊಂದು ವಿಶೇಷ ತೊಡಕಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜತೆಗೂಡಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ದಿನಗಳಲ್ಲಿ ಮಿತ್ರಪಡೆಗಳ ವಿಮಾನಗಳನ್ನು ದುರಸ್ತಿ ಮಾಡಿಕೊಡುತ್ತಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಸುಟಿದ್ದ ಲಿಬರೇಟರ್‌ಗಳನ್ನು ಇಲ್ಲಿಗೇ ಹಾರಿಸಿ ತಂದು ಸರಿಪಡಿಸಲಾಯಿತು, ಅವು 1948ರಲ್ಲಿ ರಚನೆಯಾದ ಸ್ವತಂತ್ರ ಭಾರತದ 5ನೆಯ ಸ್ಕ್ವಾಡ್ರನ್ನಿಗೆ ಸೇರಿದವು. ಹೀಗಾಗಿ ಲಿಬರೇಟರ್ ಎಂಬ ಹೆಸರು ಕಾರ್ಖಾನೆಯ ನೆನಪಿನಿಂದಲೂ ಮನೆಮಾತಿಗೆ ಬಂದಿರಬಹುದು, ಯುದ್ಧದ ನೆನಪಿನಿಂದಲೂ ಬಂದಿರಬಹುದು. 1944ರಲ್ಲಿ ದೊಡ್ಡಪ್ಪ ಇಂಡಿಯನ್ ಏರ್ ಫೋರ್ಸಿನ ಲಿಬರೇಟರಿನಲ್ಲಿದ್ದರು ಎಂದು ಯಾರಾದರೂ ಹೇಳಿದರೆ, ಆ ವರ್ಷ ಅಂಥ ಸ್ಕ್ವಾಡ್ರನ್ ಇರಲಿಲ್ಲವಾದ್ದರಿಂದ ಪಡೆಯೋ, ವಿಮಾನವೋ, ವರ್ಷವೋ ಅದಲುಬದಲಾಗಿದೆ ಎಂದೇ ತಿಳಿಯಬೇಕು.

(ಸ್ವಾತಂತ್ರ್ಯಾನಂತರ, ಉದಾಹರಣೆಗೆ 1965 ಅಥವಾ 1971ರಲ್ಲಿ, ಕ್ಯಾನ್‌ಬೆರಾ ಬಾಂಬರ್‌ಗಳಲ್ಲಿ ಮಡಿದವರ ದಾರಿ ಬೇರೆ. ಅವರಿಗಾಗಿ 2019ರಲ್ಲಿ ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕವನ್ನೂ ನಮ್ಮ ನೆಹರೂ ತಾರಾಲಯದ ಸಮೀಪದ ರಾಷ್ಟ್ರೀಯ ಸೈನಿಕ ಸ್ಮಾರಕವನ್ನೂ ನೋಡಬೇಕು. 1947ಕ್ಕಿಂತ ಹಿಂದಿನವರನ್ನು ಅಲ್ಲಿ ಹುಡುಕಿ ನಿರಾಶರಾಗುವುದು ಬೇಡ.)

ಮೂರನೆಯ ಹೆಜ್ಜೆ: ಹೆಸರನ್ನು ಪಟ್ಟಿಯಲ್ಲಿ ಕಾಣುವುದು

1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎರಡು ಮಹಾಯುದ್ಧಗಳ ಸುಮಾರು 17 ಲಕ್ಷ ಮೃತರ ಸಮಾಧಿ ಮತ್ತು ಸ್ಮಾರಕಗಳನ್ನು ನೋಡಿಕೊಳ್ಳುತ್ತದೆ. ಅದರ ಹೆಸರುಪಟ್ಟಿಯನ್ನು ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಎರಡನೆಯ ಯುದ್ಧಕ್ಕೆ ಅದು ಒಪ್ಪುವ ಅವಧಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ. ಆದ್ದರಿಂದ ಯುದ್ಧ ನಿಂತ ಮೇಲೆ ಸೇವೆಯಲ್ಲಿದ್ದಾಗಲೇ ತೀರಿಕೊಂಡವರೂ ಸಿಗುತ್ತಾರೆ.

ಕನ್ನಡದ ಹೆಸರುಗಳಿಗೆ ಈ ಹುಡುಕಾಟ ಸಲೀಸಲ್ಲ. ಊರು, ತಂದೆಯ ಹೆಸರು, ತಮ್ಮ ಹೆಸರು ಎಂಬ ನಮ್ಮ ಕ್ರಮ ಅಂದಿನ ಗುಮಾಸ್ತರ ಅಡ್ಡಹೆಸರಿನ ಖಾನೆಗೆ ಹೊಂದುತ್ತಿರಲಿಲ್ಲ. ರಾಮಸ್ವಾಮಿ ಎಂಬ ಒಂದೇ ಹೆಸರಿನ ಕೊನೆಯನ್ನು ಇಂಗ್ಲಿಷಿನಲ್ಲಿ ಐ ಎಂದೂ ವೈ ಎಂದೂ, ನಡುವಿನ ವಕಾರವನ್ನು ಬಿಟ್ಟೂ ಬರೆದಿರಬಹುದು. ಊರಿನ ಹೆಸರೇ ಮನೆತನದ ಹೆಸರಾಗಿ ಕೂತಿರಲೂಬಹುದು. ಸೇವಾಸಂಖ್ಯೆ ಸಿಕ್ಕಿದ್ದರೆ ಹೆಸರನ್ನು ಬದಿಗಿಟ್ಟು ಸಂಖ್ಯೆಯಿಂದಲೇ ಹುಡುಕಿ. ಇಲ್ಲದಿದ್ದರೆ ಪಡೆ ಮತ್ತು ವರ್ಷವನ್ನು ಮಾತ್ರ ಕೊಟ್ಟು, ಹೆಚ್ಚುವರಿ ಮಾಹಿತಿಯ ಖಾನೆಯಲ್ಲಿ ಬೆಂಗಳೂರಿನ ಹಳೆಯ ಇಂಗ್ಲಿಷ್ ಕಾಗುಣಿತವನ್ನೂ ಮೈಸೂರನ್ನೂ ಪ್ರಯತ್ನಿಸಿ. 1947ರ ಜುಲೈವರೆಗೆ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು, ಪೇಟೆಯ ಭಾಗ ಮಹಾರಾಜರದು. ಹೀಗಾಗಿ ಹಲಸೂರಿನವರಿಗೆ ಒಂದು ಬಗೆಯ ವಿಳಾಸ, ಚಾಮರಾಜಪೇಟೆಯವರಿಗೆ ಇನ್ನೊಂದು ಬಗೆಯದು ಬಂದಿರುವುದುಂಟು.

ಹೆಸರು ಸಿಕ್ಕಿದ ಮೇಲೆ ಅದು ಇರುವ ಜಾಗ ಏನನ್ನು ಹೇಳುತ್ತಿದೆ ಎಂದು ತಿಳಿಯಬೇಕು. ಲಂಡನ್ನಿನ ಪಶ್ಚಿಮಕ್ಕಿರುವ ರನ್ನಿಮೀಡ್ ಸ್ಮಾರಕದಲ್ಲಿದ್ದರೆ, ಅವರು ಬ್ರಿಟನ್ ಮತ್ತು ಉತ್ತರ, ಪಶ್ಚಿಮ ಯುರೋಪಿನ ನೆಲೆಗಳಿಂದ ಹಾರಿ ದೇಹ ಸಿಗದೇ ಹೋದ 20,000ಕ್ಕೂ ಹೆಚ್ಚು ವಾಯುಯೋಧರಲ್ಲಿ ಒಬ್ಬರು. ಸಿಂಗಪುರದ ಕ್ರಾಂಜಿಯ ಸ್ಮಾರಕದಲ್ಲಿದ್ದರೆ ದಕ್ಷಿಣ ಹಾಗೂ ಪೂರ್ವ ಏಷ್ಯಾದ ನೆಲಜಲಗಳ ಮೇಲೆ ಕಳೆದುಹೋದವರು. ಸಾಮೂಹಿಕ ಸಮಾಧಿ ಎಂದು ಬರೆದಿದ್ದರೆ, ಪತನವಾದ ವಿಮಾನದಲ್ಲಿ ಯಾರ ದೇಹ ಯಾರದೆಂದು ಗುರುತಿಸಲಾಗದೆ ಒಟ್ಟಿಗೆ ಹೂಳಿದರು ಎಂದರ್ಥ. ಇದನ್ನು ಮನೆಯ ವಯಸ್ಸಾದವರಿಗೆ ಹೇಳುವಾಗ ಮಾತನ್ನು ಅಳೆದು ಆಡಿ. ದಕ್ಷಿಣ ಭಾರತದಲ್ಲೇ ಮೃತಪಟ್ಟು ಇಲ್ಲಿನ ದಂಡಿನ ಸ್ಮಶಾನಗಳಲ್ಲಿ ಹೂಳಲ್ಪಟ್ಟಿದ್ದ ಅನೇಕರನ್ನು ಚೆನ್ನೈನ ನಂದಂಬಾಕ್ಕಂನಲ್ಲಿರುವ ಮದ್ರಾಸ್ ವಾರ್ ಸಿಮೆಟರಿಗೆ 1952ರ ಹೊತ್ತಿಗೆ ಸ್ಥಳಾಂತರಿಸಲಾಯಿತು. ದಹನ ಸಂಸ್ಕಾರವಾದ ಹಿಂದೂಗಳ ಮತ್ತು ಸಿಖ್ಖರ ಹೆಸರುಗಳು ಸಮಾಧಿಯ ಬದಲು ಸ್ಮಾರಕ ಫಲಕಗಳಲ್ಲಿರುತ್ತವೆ.

ನಾಲ್ಕನೆಯ ಹೆಜ್ಜೆ: ಕೊನೆಯ ಹಾರಾಟ ಮತ್ತು ಜತೆಗಾರರು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವುದೂ ಹೆಚ್ಚು ಫಲ ಕೊಡುವುದೂ ಇದೇ. ಬಾಂಬರಿನಲ್ಲಿ ಒಬ್ಬರೇ ಸಾಯುವುದು ಅಪರೂಪವಾಗಿತ್ತು. ರಾಯಲ್ ಏರ್ ಫೋರ್ಸಿನ ಬಾಂಬರ್ ವಿಭಾಗವಾದ, ಇಂಗ್ಲೆಂಡಿನ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು, ಅವರಲ್ಲಿ ಬಹುಪಾಲು ಜನ ತಮ್ಮ ತಂಡದೊಡನೆಯೇ ಹೋದವರು. ಆದ್ದರಿಂದ ನಿಮ್ಮ ಅಜ್ಜನ ದಾಖಲೆ ತೆಳ್ಳಗಿದ್ದರೆ ಜತೆಗಾರರ ದಾಖಲೆಯನ್ನು ಹಿಡಿಯುವುದೇ ಜಾಣತನ.

ಆರಂಭಕ್ಕೆ ಇಂಗ್ಲೆಂಡಿನ ಲಿಂಕನ್ ನಗರದ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್ ರೂಪಿಸಿರುವ ಉಚಿತ ಮೃತರ ದತ್ತಸಂಚಯವನ್ನು ನೋಡಿ. ಹೆಸರು ಹಾಕಿದರೆ ಸ್ಕ್ವಾಡ್ರನ್, ವಿಮಾನದ ಸಂಖ್ಯೆ, ಅಂದಿನ ಗುರಿ, ಜತೆಗಾರರ ಹೆಸರುಗಳು ಒಂದೇ ಕಡೆ ಬರುತ್ತವೆ. ಆಮೇಲೆ ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ಬ್ರಿಟಿಷ್ ನ್ಯಾಷನಲ್ ಆರ್ಕೈವ್ಸ್‌ನ ಎಐಆರ್ 27 ಸರಣಿಗೆ ಹೋಗಬೇಕು. ಸ್ಕ್ವಾಡ್ರನ್ನುಗಳ ದಿನಚರಿ ಪುಸ್ತಕಗಳು ಅಲ್ಲಿವೆ, ಹೆಚ್ಚಿನವನ್ನು ಬೆಂಗಳೂರಿನಲ್ಲಿ ಕುಳಿತೇ ಶುಲ್ಕ ಕೊಟ್ಟು ಇಳಿಸಿಕೊಳ್ಳಬಹುದು. ಫಾರ್ಮ್ 540 ಎಂಬ ಹಾಳೆಯಲ್ಲಿ ದಿನದ ಸಾರಾಂಶ, ಫಾರ್ಮ್ 541ರಲ್ಲಿ ಒಂದೊಂದು ವಿಮಾನದ ಲೆಕ್ಕ. ಎರಡನೆಯದನ್ನು ಬಿಡಬೇಡಿ. ಎಡಗಡೆ ವಿಮಾನದ ಸಂಖ್ಯೆ, ಅದರ ಪಕ್ಕದಲ್ಲಿ ಸಿಬ್ಬಂದಿಯ ಹೆಸರುಗಳು ಒಂದರ ಕೆಳಗೊಂದು, ನಂತರ ಮೇಲೇರಿದ ಸಮಯ, ಇಳಿದ ಸಮಯ, ಕೊನೆಗೆ ವಿವರ. ಮರಳಿ ಬಂದವರ ಸಾಲಿನಲ್ಲಿ ಹವೆ, ಮೋಡ, ಗುರಿಯ ಮೇಲಿನ ಬೆಂಕಿ ಎಂದೆಲ್ಲ ಬರೆದಿರುತ್ತದೆ. ಬಾರದವರ ಸಾಲಿನಲ್ಲಿ ಇಳಿದ ಸಮಯದ ಖಾನೆ ಖಾಲಿ ಇದ್ದು, ಹೊರಟ ಮೇಲೆ ಸುದ್ದಿಯಿಲ್ಲ ಎಂಬರ್ಥದ ಒಂದೇ ವಾಕ್ಯವಿರುತ್ತದೆ. ಅದೇ ಪುಸ್ತಕದಲ್ಲಿ ಹಿಂದಿನ ತಿಂಗಳುಗಳ ಹಾಳೆಗಳನ್ನೂ ತಿರುವಿದರೆ ಅವರು ಅದುವರೆಗೆ ಯಾವ ಯಾವ ರಾತ್ರಿ ಎಲ್ಲೆಲ್ಲಿ ಹೋಗಿದ್ದರೆಂಬುದು ಪೂರ್ತಿಯಾಗಿ ಸಿಗುತ್ತದೆ. ಅದೇ ಆರ್ಕೈವ್ಸ್‌ನ ಎಐಆರ್ 81 ಸರಣಿಯಲ್ಲಿ ಸಾವುನೋವುಗಳ ಕಡತಗಳಿದ್ದು, ಅವು ಹಂತಹಂತವಾಗಿ ಬಿಡುಗಡೆಯಾಗುತ್ತಿವೆ.

ತಂಡದಲ್ಲಿ ಆಸ್ಟ್ರೇಲಿಯಾದವರೊಬ್ಬರಿದ್ದರೆ ಅದನ್ನು ಭಾಗ್ಯವೆಂದೇ ತಿಳಿಯಿರಿ. ನ್ಯಾಷನಲ್ ಆರ್ಕೈವ್ಸ್ ಆಫ್ ಆಸ್ಟ್ರೇಲಿಯಾದ ಎ705 ಸರಣಿಯ ಕಡತಗಳಲ್ಲಿ ಅನೇಕವನ್ನು ಜಾಲತಾಣದಲ್ಲಿ ಪುಟಪುಟವಾಗಿ, ಬಿಡಿಕಾಸಿಲ್ಲದೆ ಓದಬಹುದು. ವಿಮಾನ ಬಿದ್ದ ಜಾಗ, ಊರಿನವರ ಹೇಳಿಕೆ, ಯುದ್ಧಾನಂತರ ಕಾಣೆಯಾದವರನ್ನು ಯುರೋಪಿನ ಹೊಲಗದ್ದೆಗಳಲ್ಲಿ ಹುಡುಕಿದ ತಂಡಗಳ ವರದಿ, ಇವೆಲ್ಲ ಆ ಒಬ್ಬನ ಕಡತದಲ್ಲಿದ್ದರೂ ಏಳೂ ಜನರಿಗೆ ಸಂಬಂಧಿಸಿದವೇ. ಕೆನಡಾದವರಿದ್ದರೆ ಅಲ್ಲಿಯೂ ಯುದ್ಧಮೃತರ ಸೇವಾಕಡತಗಳು ಸಾರ್ವಜನಿಕರಿಗೆ ತೆರೆದಿವೆ.

ತಾರೀಖಿನ ವಿಷಯದಲ್ಲಿ ಎಚ್ಚರ ಬೇಕು. ರಾತ್ರಿಯ ದಾಳಿಗಳು ಎರಡು ತಾರೀಖುಗಳಿಗೆ ಹರಡಿಕೊಂಡಿರುತ್ತವೆ. 95 ಬಾಂಬರ್‌ಗಳು ನಾಶವಾದ ನ್ಯೂರೆಂಬರ್ಗ್ ದಾಳಿಯನ್ನು 1944ರ ಮಾರ್ಚ್ 30/31 ಎಂದು ಬರೆಯುವುದು ಅದಕ್ಕಾಗಿಯೇ. ಹೊರಟದ್ದು ಒಂದು ದಿನ, ಸಾವು ಸಂಭವಿಸಿದ್ದು ಬಹುಪಾಲು ಮರುದಿನದ ಮುಂಜಾವದೊಳಗೆ. ಒಂದು ದಿನದ ವ್ಯತ್ಯಾಸ ಕಂಡೊಡನೆ ದಾಖಲೆಯೇ ತಪ್ಪೆಂದು ಹಾರಾಡಬೇಕಾಗಿಲ್ಲ.

ಹುಡುಕಾಟದ ಕೊನೆಯಲ್ಲಿ ಬರ್ಲಿನ್ನಿನ ಬದಲು ವೇಲ್ಸಿನ ಗುಡ್ಡವೊಂದಕ್ಕೆ ಡಿಕ್ಕಿ ಹೊಡೆದ ತರಬೇತಿ ವಿಮಾನ ಸಿಕ್ಕರೆ ಮುಖ ಸಣ್ಣ ಮಾಡಿಕೊಳ್ಳುವ ಅಗತ್ಯವಿಲ್ಲ. ಬಾಂಬರ್ ಕಮಾಂಡಿನ ಮೃತರಲ್ಲಿ 8,000ಕ್ಕೂ ಹೆಚ್ಚು ಮಂದಿ ತರಬೇತಿಯ ಹಾಗೂ ಕಾರ್ಯಾಚರಣೆಯಲ್ಲದ ಹಾರಾಟಗಳ ಅಪಘಾತಗಳಲ್ಲಿ ಸತ್ತವರು. ಮನೆಯ ಕಥೆಗೆ ಬರ್ಲಿನ್ ಬೇಕೆಂದು ಅದನ್ನು ಉಳಿಸಿಕೊಂಡರೆ ನೆನೆಯುತ್ತಿರುವುದು ಇನ್ನಾರನ್ನೋ ಆಗುತ್ತದೆ.

ಐದನೆಯ ಹೆಜ್ಜೆ: ಬೆಂಗಳೂರಿನಲ್ಲಿ ಹುಡುಕುವುದು

ಇದು ಚಿಕ್ಕ ಕೆಲಸ, ಆದರೂ ಬಿಡಬಾರದು. ಅವರು ಓದಿದ ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳು, ದಂಡು ಪ್ರದೇಶದ ಚರ್ಚುಗಳ ಗೋಡೆಗಳಲ್ಲಿರುವ ಸ್ಮರಣ ಫಲಕಗಳು ಮತ್ತು ಅಲ್ಲಿನ ದೀಕ್ಷಾಸ್ನಾನದ ಪುಸ್ತಕಗಳು, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯ, ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯ, ಕರ್ನಾಟಕ ರಾಜ್ಯ ಪತ್ರಾಗಾರ ಇವನ್ನೆಲ್ಲ ಒಮ್ಮೆ ಕೇಳಿ ನೋಡಿ. ಪತ್ರಿಕೆಗಳನ್ನು ಹುಡುಕುವವರು ಅಂದಿನ ತಾಯಿನಾಡಿನಂಥವನ್ನು ನೋಡಬೇಕೇ ಹೊರತು, 1948ರಲ್ಲಿ ಹುಟ್ಟಿದ ಪ್ರಜಾವಾಣಿಯಲ್ಲಿ ಯುದ್ಧಕಾಲದ ಸುದ್ದಿ ಹುಡುಕಿ ಫಲವಿಲ್ಲ. ಇಂಡಿಯನ್ ಏರ್ ಫೋರ್ಸಿನವರಾಗಿದ್ದರೆ ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್‌ನ ಸೇನಾ ಇತಿಹಾಸ ಕೇಂದ್ರಕ್ಕೆ ಪತ್ರ ಬರೆಯಬಹುದು. ಭಾರತ್ ರಕ್ಷಕ್ ಜಾಲತಾಣದ ವಾಯುಪಡೆಯ ವಿಭಾಗದಲ್ಲಿಯೂ ಆರಂಭದ ದಿನಗಳ ಅಧಿಕಾರಿಗಳ ವಿವರಗಳಿವೆ. ಪತ್ರದಲ್ಲಿ ಹೆಸರು, ಸಂಖ್ಯೆ, ತಾರೀಖು, ನಿಮ್ಮ ಸಂಬಂಧ ಇವಿಷ್ಟೇ ಇರಲಿ. ಮನೆತನದ ಇತಿಹಾಸವನ್ನೆಲ್ಲ ತುಂಬಿದ ನಾಲ್ಕು ಪುಟದ ಪತ್ರಕ್ಕೆ ಉತ್ತರ ಬರುವುದು ನಿಧಾನ.

ಆರನೆಯ ಹೆಜ್ಜೆ: ಬರೆಯುವುದು

ಸಿಕ್ಕಿದ್ದನ್ನೆಲ್ಲ ಒಂದೆರಡು ಪುಟಕ್ಕೆ ಇಳಿಸಿ. ದಾಖಲೆಯಿಂದ ಬಂದದ್ದು ಯಾವುದು, ಮನೆಯವರ ಬಾಯಿಂದ ಬಂದದ್ದು ಯಾವುದು ಎಂದು ವಾಕ್ಯದಲ್ಲೇ ತಿಳಿಯುವಂತಿರಲಿ. ಗುರಿಯ ಊರಿನ ಹೆಸರನ್ನು ಮರೆಮಾಚಬೇಡಿ. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗಿನಲ್ಲಿ, 1945ರ ಫೆಬ್ರುವರಿಯಲ್ಲಿ ಡ್ರೆಸ್ಡನ್ನಿನಲ್ಲಿ ಬೆಂಕಿಗೆ ಆಹುತಿಯಾದವರಲ್ಲಿ ಹೆಂಗಸರು ಮಕ್ಕಳು ಸಾವಿರಾರು ಮಂದಿ ಇದ್ದರು. ಇಪ್ಪತ್ತೊಂದು ವರ್ಷದ ನ್ಯಾವಿಗೇಟರ್ ಗುರಿಯನ್ನು ಆಯ್ದವನಲ್ಲ, ಆದರೆ ದಾರಿ ತೋರಿಸಿದವನು ಹೌದು. ಅಂದು ಆ ಊರಿನಲ್ಲಿ ಏನಾಯಿತೆಂಬ ಒಂದು ವಾಕ್ಯ ಬರಹದಲ್ಲಿದ್ದರೆ ಅವರ ಗೌರವ ಕುಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಪ್ಪದ ಬಂಧುಗಳಿರುತ್ತಾರೆ, ಅವರೊಡನೆ ಫಲಕ ಕೆತ್ತಿಸುವ ಮೊದಲೇ ಮಾತನಾಡಿಕೊಳ್ಳುವುದು ಮೇಲು.

ಫಲಕಕ್ಕಾದರೆ ಇಷ್ಟು ಸಾಕು: “ಈ ಮನೆಯಲ್ಲಿ ಹುಟ್ಟಿದ ………, ಸೇವಾಸಂಖ್ಯೆ ………, ……… ಸ್ಕ್ವಾಡ್ರನ್ನಿನ ಲ್ಯಾಂಕಾಸ್ಟರ್ ……… ವಿಮಾನದ ನ್ಯಾವಿಗೇಟರ್ ಆಗಿದ್ದು, ……… ರಾತ್ರಿ ……… ನಗರದ ಮೇಲಿನ ದಾಳಿಗೆ ಹೊರಟು ಮರಳಲಿಲ್ಲ. ಜತೆಯಲ್ಲಿ ಮಡಿದವರು ………. ಇವರ ಹೆಸರು ರನ್ನಿಮೀಡಿನ ……… ಫಲಕದಲ್ಲಿದೆ. ಇದನ್ನು ನಿಲ್ಲಿಸಿದವರು ………, ವರ್ಷ ………” ಜತೆಗಾರರ ಹೆಸರುಗಳಿಗೆ ಜಾಗ ಸಾಲದೆಂದು ಅವರನ್ನು ಬಿಡುವುದಕ್ಕಿಂತ, ವೀರ, ಧೀರ, ಅಮರ ಎಂಬ ವಿಶೇಷಣಗಳನ್ನು ಬಿಡಿ.

ಏಳನೆಯ ಹೆಜ್ಜೆ: ದಿನ, ಜಾಗ, ಕಲ್ಲು

ವರ್ಷಕ್ಕೊಮ್ಮೆ ನೆನೆಯುವ ದಿನವನ್ನು ಮನೆಯ ಸಂಪ್ರದಾಯಕ್ಕೆ ತಕ್ಕಂತೆ ಆರಿಸಿಕೊಳ್ಳಿ. ಶ್ರಾದ್ಧ ಮಾಡುವ ಮನೆಗಳಲ್ಲಿ ಸಾವಿನ ತಾರೀಖು ಖಚಿತವಾಗಿದ್ದರೆ ಪುರೋಹಿತರಿಂದ ತಿಥಿ ಹಾಕಿಸಬಹುದು. ಖಚಿತವಾಗದಿದ್ದರೆ ಪಿತೃಪಕ್ಷದಲ್ಲಿ ಆಯುಧದಿಂದ ಸತ್ತವರಿಗೆಂದೇ ಇರುವ ಘಾತ ಚತುರ್ದಶಿಯೂ, ಮರುದಿನದ ಮಹಾಲಯ ಅಮಾವಾಸ್ಯೆಯೂ ಇವೆ. ಕ್ರೈಸ್ತ ಮನೆಗಳಿಗೆ ನವೆಂಬರ್ 2ರ ಸಕಲ ಆತ್ಮಗಳ ದಿನವಿದೆ, ಯುದ್ಧಮೃತರನ್ನು ನೆನೆಯುವ ನವೆಂಬರಿನ ಎರಡನೆಯ ಭಾನುವಾರವೂ ಇದೆ. ಆ ದಿನ ಏಳೂ ಹೆಸರುಗಳನ್ನು ಗಟ್ಟಿಯಾಗಿ ಓದುವ ಕೆಲಸವನ್ನು ಮನೆಯ ಚಿಕ್ಕವರಿಗೆ ವಹಿಸಿದರೆ ಸಾಕು, ಭಾಷಣ ಬೇಡ.

ಕಲ್ಲು ನಿಲ್ಲಿಸುವುದಾದರೆ ಸ್ವಂತ ಜಾಗ, ಇಲ್ಲವೇ ಅನುಮತಿ ಕೊಡುವ ಶಾಲೆ ಅಥವಾ ಚರ್ಚಿನ ಆವರಣವನ್ನು ಆರಿಸಿ. ಉದ್ಯಾನದಲ್ಲೋ ರಸ್ತೆಯ ಬದಿಯಲ್ಲೋ ಪಾಲಿಕೆಯ ಲಿಖಿತ ಒಪ್ಪಿಗೆಯಿಲ್ಲದೆ ನಿಲ್ಲಿಸಿದ್ದು ಮುಂದಿನ ಕಾಮಗಾರಿಗೆ ಜಲ್ಲಿಯಾಗುತ್ತದೆ. ಹೊರಗೆ ನಿಲ್ಲುವ ಫಲಕಕ್ಕೆ ಸಾದರಹಳ್ಳಿಯ ಬೂದುಬಣ್ಣದ ಗ್ರಾನೈಟ್ ಒಗ್ಗುತ್ತದೆ, ಕೆತ್ತನೆಗೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳಿದ್ದಾರೆ. ಅಳತೆಗೆ ಆಧಾರ ಬೇಕಿದ್ದರೆ ಕಮಿಷನ್ನಿನ ಸಮಾಧಿಗಲ್ಲುಗಳು 81 ಸೆಂಟಿಮೀಟರ್ ಎತ್ತರ, 38 ಸೆಂಟಿಮೀಟರ್ ಅಗಲ ಇರುತ್ತವೆ, ಅಧಿಕಾರಿಗೂ ಸಾಮಾನ್ಯ ಯೋಧನಿಗೂ ಒಂದೇ ಅಳತೆ. ಕೆತ್ತುವ ಮೊದಲು ಪೂರ್ಣ ಅಳತೆಯ ಕಾಗದದ ಪ್ರತಿಯನ್ನು ಗೋಡೆಗೆ ಅಂಟಿಸಿ ಇಬ್ಬರಿಂದ ಓದಿಸಿ. ಸ್ಕ್ವಾಡ್ರನ್, ಲ್ಯಾಂಕಾಸ್ಟರ್ ಮುಂತಾದ ಪದಗಳ ಒತ್ತಕ್ಷರಗಳು ಕಂಪ್ಯೂಟರಿನಿಂದ ಕಲ್ಲಿಗೆ ಹೋಗುವ ದಾರಿಯಲ್ಲಿ ಒಡೆದುಹೋಗುವುದು ಸಾಮಾನ್ಯ.

ಅವರ ಸಮಾಧಿಯೋ ಹೆಸರಿರುವ ಸ್ಮಾರಕವೋ ದೂರದಲ್ಲಿದ್ದು ನೋಡಲು ಹೋಗುವುದಾದರೆ, ಕಮಿಷನ್ನಿನ ಜಾಲತಾಣದಿಂದ ಫಲಕ ಅಥವಾ ಸಾಲಿನ ಸಂಖ್ಯೆಯನ್ನು ಬರೆದುಕೊಂಡೇ ಹೊರಡಿ. ಕ್ರಾಂಜಿಯಲ್ಲಿ 24,000ಕ್ಕೂ ಹೆಚ್ಚು ಹೆಸರುಗಳ ನಡುವೆ ಒಂದನ್ನು ಕಣ್ಣಳತೆಯಲ್ಲಿ ಹುಡುಕಲಾಗದು. ಹೂವು ಇಡಬಹುದು, ಆದರೆ ಕಲ್ಲಿಗೆ ಕುಂಕುಮ, ಎಣ್ಣೆ ಹಚ್ಚಬೇಡಿ, ಅಕ್ಷರಗಳಿಗೆ ಬಣ್ಣ ತುಂಬಬೇಡಿ. ನೆಲ ಮಟ್ಟದಿಂದ ನೇರವಾಗಿ ಒಂದು, ಪಕ್ಕದ ಹೆಸರುಗಳೂ ಕಾಣುವಂತೆ ಇನ್ನೊಂದು, ಹೀಗೆ ಎರಡು ಫೋಟೊ ತೆಗೆದುಕೊಳ್ಳಿ.

ಕಮಿಷನ್ನಿನ ಪಟ್ಟಿಯಲ್ಲಿ ಹೆಸರಿನ ಕಾಗುಣಿತವೋ ವಯಸ್ಸೋ ತಪ್ಪಾಗಿದ್ದರೆ ಜನನಪತ್ರ, ಶಾಲಾ ದಾಖಲೆ ಅಥವಾ ಯುದ್ಧಕಾಲದ ಪತ್ರದ ಸ್ಕ್ಯಾನ್ ಪ್ರತಿಯೊಡನೆ ತಿದ್ದುಪಡಿ ಕೇಳಬಹುದು. ಮನೆಯವರ ಮಾತೊಂದೇ ಸಾಕ್ಷಿಯಾದರೆ ಅವರು ಒಪ್ಪುವುದು ಕಷ್ಟ. ಅದೇ ಕಾಗದಗಳ ಮತ್ತು ಎದೆಯ ಮೇಲಿನ ರೆಕ್ಕೆ ಕಾಣುವ ಫೋಟೊದ ಇನ್ನೊಂದು ಪ್ರತಿಯನ್ನು ಲಿಂಕನ್ನಿನ ಕೇಂದ್ರಕ್ಕೂ ಕಳಿಸಿ, ಏಕೆಂದರೆ ಉಳಿದ ಆರು ಮಂದಿಯ ಮನೆಯವರು ಹುಡುಕಿಕೊಂಡು ಬರುವುದು ಅಲ್ಲಿಗೇ.